ಅಗ್ಗದ ಬೇಸ್ ಗಿಟಾರಿಗೆ ಹೊಸ ಪಿಕಪ್ ಹಾಕಿಸಬೇಕಾ?

"ಅಣ್ಣಾರ, ಪಿಕಪ್ ಬದಲಿ ಮಾಡಿದ್ರ ಸೌಂಡ್ ಛಲೋ ಬರ್ತೈತೇನ್ರಿ?"

ಬೇಸ್ ನುಡಿಸುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಕೇಳುತ್ತಾರೆ, ಚರ್ಚಿನಲ್ಲಿ ನುಡಿಸುವವರು ಕೇಳುತ್ತಾರೆ, ಧಾರವಾಡದ ಕಾಲೇಜು ಹುಡುಗರಂತೂ ಗಿಟಾರಿನ ಫೋಟೋ ಕಳಿಸಿಯೇ ಕೇಳುತ್ತಾರೆ. ಎಲ್ಲರ ಕೈಯಲ್ಲಿರುವುದೂ ಹೆಚ್ಚುಕಡಿಮೆ ಒಂದೇ ತರಹದ್ದು. ಕೂಡಿಸಿಟ್ಟ ದುಡ್ಡಿನಲ್ಲಿ ತಗೊಂಡ ಅಗ್ಗದ ಬೇಸ್. ನೋಡೋಕೆ ಚೆನ್ನಾಗಿದೆ, ದನಿ ಮಾತ್ರ ಮಂಕು.

ನನ್ನ ಉತ್ತರ: ಬರುತ್ತದೆ. ನಾನು ಮೂರು ಗಿಟಾರಿಗೆ ಅಗ್ಗದ ಪಿಕಪ್ ಹಾಕಿದ್ದೇನೆ, ಮೂರರಲ್ಲೂ ವ್ಯತ್ಯಾಸ ಕೇಳಿಸಿದೆ. ಆದರೆ ಪಿಕಪ್‌ಗೆ ದುಡ್ಡು ಹಾಕುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಅದನ್ನು ಮಾಡಿದ ಮೇಲೆ ಎಷ್ಟೋ ಜನಕ್ಕೆ ಪಿಕಪ್ ಬೇಕೇ ಆಗುವುದಿಲ್ಲ.

ಪಿಕಪ್ ಅಂದರೆ ಗಿಟಾರಿನ ಕಿವಿ. ಅದರೊಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅಲುಗಾಡಿದಾಗ ಕೆಳಗಿನ ಕಾಯಿಲ್‌ನಲ್ಲಿ ಸ್ವಲ್ಪ ಕರೆಂಟು ಹುಟ್ಟುತ್ತದೆ. ಅದೇ ಆಂಪ್‌ಗೆ (ದನಿ ಜೋರು ಮಾಡುವ ಆಂಪ್ಲಿಫೈಯರಿಗೆ) ಹೋಗುವ ದನಿ. ಅಂದಮೇಲೆ ತಂತಿ ಹೇಗೆ ಅಲುಗಾಡುತ್ತದೋ ಪಿಕಪ್‌ಗೆ ಹಾಗೇ ಕೇಳಿಸುತ್ತದೆ. ಸತ್ತ ತಂತಿಯ ಕೆಳಗೆ ಎಷ್ಟು ದುಬಾರಿ ಪಿಕಪ್ ಇಟ್ಟರೂ ಅದಕ್ಕೆ ಕೇಳಿಸುವುದು ಸತ್ತ ತಂತಿಯೇ.

ಹೋದ ಮಳೆಗಾಲದಲ್ಲಿ ಗದಗ-ಬೆಟಗೇರಿಯಿಂದ ಒಬ್ಬ ಹುಡುಗ ಬಂದಿದ್ದ. ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯ ಗಿಟಾರು, ಎರಡು ಪಿಕಪ್. ತೆಳ್ಳನೆಯ ಜಿ ತಂತಿ ಕೇಳಿಸೋದೇ ಇಲ್ಲ, ದಪ್ಪನೆಯ ಇ ತಂತಿ ಬರೀ ಗುಂಯ್ ಅನ್ನುತ್ತದೆ ಅಂತ ಅವನ ದೂರು. ಹೊಸ ಪಿಕಪ್ ತರಿಸೋಕೆ ದುಡ್ಡು ಜೇಬಿನಲ್ಲೇ ಇತ್ತು.

"ತಮ್ಮಾ, ಈ ತಂತಿ ಯಾವಾಗ ಹಾಕಿದ್ದೋ?"

"ಗಿಟಾರ್ ಜೊತಿಗೇ ಬಂದಿದ್ದು ಅದಾವ್ರಿ."

ಎರಡು ವರ್ಷದ ತಂತಿ. ಬೆರಳು ಆಡಿಸಿದರೆ ಕಪ್ಪು ಹತ್ತುತ್ತಿತ್ತು. ಅವನ್ನು ಬಿಚ್ಚಿ 45-105 ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕ) ಹೊಸ ನಿಕಲ್ ತಂತಿ ಹಾಕಿದೆವು. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯ ತೇವಕ್ಕೆ ಗಿಟಾರಿನ ಕತ್ತು, ಅಂದರೆ ನೆಕ್, ಬಾಗುತ್ತದೆ, ಬೇಸಿಗೆಯ ಒಣ ಹವೆಗೆ ಇನ್ನೊಂದು ಕಡೆ ಎಳೆಯುತ್ತದೆ. ಅದಕ್ಕೇ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ನೋಡಿ ಕಾಲು ಸುತ್ತು ಬಿಗಿ ಮಾಡಿದೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸಬೇಡಿ, ನೆಕ್‌ಗೆ ಹೊಂದಿಕೊಳ್ಳೋಕೆ ಸಮಯ ಬೇಕು.

ಆಮೇಲೆ ಪಿಕಪ್‌ನ ಎತ್ತರ. ಇದನ್ನು ಯಾರೂ ನೋಡುವುದೇ ಇಲ್ಲ! ಕೊನೆಯ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ತಂತಿ ಒತ್ತಿ ಹಿಡಿದು, ತಂತಿಯ ತಳಕ್ಕೂ ಪಿಕಪ್‌ನ ಅಯಸ್ಕಾಂತದ ತಲೆಗೂ ನಡುವಿನ ಅಂತರವನ್ನು ಸ್ಟೀಲ್ ಸ್ಕೇಲಿನಿಂದ ಅಳೆಯಬೇಕು. ಇ ತಂತಿಯ ಕಡೆ ಸುಮಾರು 3 ಮಿ.ಮೀ., ಜಿ ಕಡೆ 2.5 ಮಿ.ಮೀ. ಇಟ್ಟುಕೊಂಡು ಶುರು ಮಾಡಿದರೆ ಸರಿಹೋಗುತ್ತದೆ. ಇವನದರಲ್ಲಿ ಎರಡೂ ಕಡೆ 6 ಮಿ.ಮೀ. ಇತ್ತು. ಸ್ಕ್ರೂ ಸಡಿಲ ಮಾಡಿದರೂ ಪಿಕಪ್ ಮೇಲೇಳಲಿಲ್ಲ. ಬಿಚ್ಚಿ ನೋಡಿದರೆ ಕೆಳಗಿನ ಸ್ಪಂಜು ಹಪ್ಪಳದ ಹಾಗೆ ಒಣಗಿ ಚಪ್ಪಟೆಯಾಗಿತ್ತು. ಹೊಸ ಸ್ಪಂಜು ಕತ್ತರಿಸಿ ಇಟ್ಟು ಸ್ಕ್ರೂ ಹಾಕಿದೆವು. ತೀರಾ ಹತ್ತಿರ ತಂದರೂ ತೊಂದರೆ ಇದೆ. ಅಯಸ್ಕಾಂತ ತಂತಿಯನ್ನು ಎಳೆದು ಹಿಡಿಯುತ್ತದೆ, ಸ್ವರ ಬೇಗ ಸಾಯುತ್ತದೆ.

ಹುಡುಗ ನುಡಿಸಿ ನೋಡಿದ. ನಿಲ್ಲಿಸಿ ನನ್ನ ಮುಖ ನೋಡಿದ. "ಇದು ಅದ ಗಿಟಾರ್ ಹೌದಲ್ರಿ?" ಅಂದ. ಖರ್ಚಾಗಿದ್ದು ತಂತಿಯ ದುಡ್ಡು ಮಾತ್ರ.

ಇದು ನಮ್ಮ ಊರಿನವರಿಗೆ ಹೊಸ ಸಂಗತಿ ಅಲ್ಲ. ತಂಬೂರಿಯ ದನಿ ಮಂಕಾದರೆ ಯಾರಾದರೂ ಬುರುಡೆ ಬದಲಿಸುತ್ತಾರಾ? ಮೊದಲು ಕುದುರೆಯ (ತಂತಿ ಹಾದುಹೋಗುವ ಮರದ ತುಂಡು) ಮೇಲೆ ತಂತಿಯ ಕೆಳಗಿರುವ ದಾರವನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿ ನೋಡುತ್ತಾರೆ. ಕೂದಲೆಳೆಯಷ್ಟು ಸರಿದರೆ ಸಾಕು, ಜವಾರಿ, ಅಂದರೆ ತಂತಿಯ ಝೇಂಕಾರ, ಸಿಕ್ಕಿ ಇಡೀ ಕೋಣೆ ತುಂಬುತ್ತದೆ. ಪಿಕಪ್‌ನ ಎತ್ತರವೂ ಅಂಥದ್ದೇ. ಅರ್ಧ ಮಿಲಿಮೀಟರಿಗೆ ದನಿ ಬೇರೆ ಆಗುತ್ತದೆ. ಒಂದು ಸಂಜೆ ಪೂರ್ತಿ ಸ್ಕ್ರೂಡ್ರೈವರ್ ಹಿಡಿದು ಕೂತು ಕೇಳಿ.

ಇನ್ನೊಂದು ಮಾತು. "ದನಿ ದಪ್ಪ ಆಗಬೇಕು" ಅಂತ ಬರುವವರಿಗೆ ನಾನು ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಣ ಕೇಳೋಕೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಆ ದನಿ ಗೊತ್ತು. ಎಷ್ಟು ದಪ್ಪ, ಎಷ್ಟು ಕೆಳಗಿನದು! ಆದರೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ದಪ್ಪ ಬೇರೆ, ಮಬ್ಬು ಬೇರೆ. ಬೇಸ್‌ನಲ್ಲೂ ನಮಗೆ ಬೇಕಾದ್ದು ಆ ಸ್ಪಷ್ಟತೆ. ಬೇಸ್‌ನ ಇ ತಂತಿ ಬಿಟ್ಟು ಬಾರಿಸಿದರೆ 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಸಲ ಅಲುಗಾಟ. ಮದುವೆ ಹಾಲ್‌ನ 12 ಇಂಚಿನ ಸ್ಪೀಕರುಗಳು ಅಷ್ಟು ಕೆಳಗಿನ ದನಿಯನ್ನು ಸರಿಯಾಗಿ ಕೊಡುವುದೇ ಇಲ್ಲ. ಜನಕ್ಕೆ ಕೇಳಿಸುವುದು ಅದರ ಎರಡು, ಮೂರು ಪಟ್ಟಿನ 82, 123ರ ದನಿಗಳು, ಅದರ ಮೇಲಿನ ನಡು ದನಿ. ಹೊಸ ಪಿಕಪ್ ಹಾಕಿದಾಗ ಹೆಚ್ಚಾಗಿ ಬದಲಾಗುವುದೂ ಈ ನಡು ದನಿಯೇ. ಆದ್ದರಿಂದ ಮನೆಯ ಚಿಕ್ಕ ಆಂಪ್‌ನಲ್ಲಿ ಬೇಸ್ ನಾಬ್ ಪೂರ್ತಿ ತಿರುಗಿಸಿಕೊಂಡು ಪಿಕಪ್ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ.

ಕೈಯೂ ಮುಖ್ಯ. ಜೇಮ್ಸ್ ಜೇಮರ್ಸನ್ ಎಂಬ ಅಮೆರಿಕದ ಬೇಸ್ ವಾದಕರು ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ಅವರ ಪ್ರಿಸಿಷನ್ ಬೇಸ್‌ಗೆ (ಫೆಂಡರ್‌ನ ಇನ್ನೊಂದು ಮಾದರಿ) ಇದ್ದದ್ದು ಒಂದೇ ಪಿಕಪ್. ಇವತ್ತಿಗೂ ಜಗತ್ತಿನ ಬೇಸ್ ವಾದಕರು ಅವರ ದನಿ ಹುಡುಕುತ್ತಾರೆ.

ಇಷ್ಟೆಲ್ಲ ಆದ ಮೇಲೂ ಪಿಕಪ್ ಬದಲಿಸಲೇಬೇಕಾದ ಸಂದರ್ಭ ಇದೆ. ಕಾಯಿಲ್ ಕಡಿದುಹೋದಾಗ. ದನಿ ಜೋರು ಮಾಡಿದರೆ ಪಿಕಪ್ ಕೀಂಯ್ ಅಂತ ಕಿರುಚಿದಾಗ. ಅದರೊಳಗೆ ಸರಿಯಾಗಿ ಮೇಣ ತುಂಬಿಲ್ಲ ಅಂತ ಅರ್ಥ. ಎತ್ತರ ಸರಿ ಮಾಡಿದರೂ ಒಂದು ತಂತಿ ಮಾತ್ರ ಕೆಳಗೇ ಉಳಿದಾಗ. ಮತ್ತೆ ಹಮ್, ಅಂದರೆ ನುಡಿಸದಿದ್ದರೂ ಕರೆಂಟಿನಿಂದ ಬರುವ ಗುಂಯ್ ಸದ್ದು, ಇದ್ದಾಗ.

ಹಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕರೆಂಟು 50 ಹರ್ಟ್ಜ್. ಇ ತಂತಿಯ 3ನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಜ್. ಎರಡೂ ಅಕ್ಕಪಕ್ಕ. ಹಮ್ ಇರುವ ಗಿಟಾರಿನಲ್ಲಿ ಆ ಜಿ ಹಿಡಿದು ಕೇಳಿ, ಸೆಕೆಂಡಿಗೆ ಒಂದು ಸಲ ಅಲೆ ಎದ್ದ ಹಾಗೆ ದನಿ ತೂಗುತ್ತದೆ. ಇದನ್ನು ಗಿಟಾರಿನ ಟ್ಯೂನಿಂಗ್ ತಪ್ಪು ಅಂದುಕೊಂಡು ಕೀ ತಿರುಗಿಸುವವರನ್ನು ನೋಡಿದ್ದೇನೆ. ಜಾಝ್ ಬೇಸ್‌ನ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿದ್ದರೆ, ಎರಡನ್ನೂ ಪೂರ್ತಿ ತೆರೆದಾಗ ಹಮ್ ಹೊಡೆದುಹೋಗುತ್ತದೆ, ತಂತಿಯ ದನಿ ಉಳಿಯುತ್ತದೆ. ಪ್ರಿಸಿಷನ್ ಮಾದರಿಯಲ್ಲಿ ಎರಡು ತುಂಡಾಗಿರುವ ಒಂದೇ ಪಿಕಪ್ ಈ ಕೆಲಸ ಮಾಡುತ್ತದೆ. ಆದರೆ ಗಣೇಶನ ಪೆಂಡಾಲಿನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಯಾವ ಪಿಕಪ್ ಇದ್ದರೂ ಗುಂಯ್ ನಿಲ್ಲದು. ಮೈಕಿಗೆ ತುಟಿ ತಾಗಿ ಚುರುಕ್ ಅಂದರೆ ಗಿಟಾರ್ ಕೆಳಗಿಟ್ಟು ಮೊದಲು ಅರ್ಥಿಂಗ್ ಹಾಕಿಸಿ. ಅದು ಜೀವದ ಪ್ರಶ್ನೆ.

ಇನ್ನು ಏನು ತಗೋಬೇಕು? ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ, ಅದಕ್ಕೆ ಎರಡು ತುಂಡಿನ ಪಿಕಪ್ ಬಂದದ್ದು 1957ರಲ್ಲಿ, ಜಾಝ್ ಬೇಸ್ 1960ರಲ್ಲಿ. ಅಗ್ಗದ ಬೇಸ್‌ಗಳಲ್ಲಿ ಬಹಳಷ್ಟು ಈ ಎರಡರ ನಕಲು. ಹಾಗಾಗಿ ಆ ಅಳತೆಯ ಪಿಕಪ್ ಸುಲಭವಾಗಿ ಸಿಗುತ್ತದೆ. ವಿಲ್ಕಿನ್ಸನ್, ಆರ್ಟೆಕ್ ತರಹದ ಹೆಸರುಗಳು ಕಡಿಮೆ ಬೆಲೆಯವು. ನಾನು ಮೊದಲು ಹಾಕಿದ ಜೋಡಿಗೆ 2,000 ರೂಪಾಯಿ ಒಳಗೇ ಆಯಿತು. ಸೆಮೋರ್ ಡಂಕನ್, ಡಿಮಾರ್ಜಿಯೊ ಒಳ್ಳೆಯವೇ, ಆದರೆ ಅಗ್ಗದ ಗಿಟಾರಿಗೆ ಅಷ್ಟು ಸುರಿಯೋದು ನನಗೆ ಸರಿ ಕಾಣುವುದಿಲ್ಲ. ಆ ದುಡ್ಡು ಕೂಡಿಟ್ಟರೆ ಮುಂದಿನ ಗಿಟಾರೇ ಬರುತ್ತದೆ. ಆಲ್ನಿಕೊ ಅಯಸ್ಕಾಂತ ಒಳ್ಳೆಯದಾ, ಸೆರಾಮಿಕ್ ಅಯಸ್ಕಾಂತ ಒಳ್ಳೆಯದಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟು ಸುತ್ತು, ಹೇಗೆ ಸುತ್ತಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ.

ಅಳತೆ ಮಾತ್ರ ತಪ್ಪಬೇಡಿ. ಜಾಝ್ ಮಾದರಿಯಲ್ಲಿ ಬ್ರಿಜ್ (ತಂತಿಯ ಕೆಳತುದಿ ಕೂರುವ ಲೋಹದ ಭಾಗ) ಕಡೆಯ ಪಿಕಪ್ ನೆಕ್ ಕಡೆಯದಕ್ಕಿಂತ 3-4 ಮಿ.ಮೀ. ಉದ್ದ ಇರುತ್ತದೆ. ಕೆಲವು ಅಗ್ಗದ ಗಿಟಾರುಗಳಲ್ಲಿ ಎರಡೂ ಒಂದೇ ಉದ್ದ. ಬಿಚ್ಚಿ ಅಳೆದು ಆಮೇಲೆ ತರಿಸಿ. ಐದು ತಂತಿಯ ಬೇಸ್‌ನ ಲೆಕ್ಕವೇ ಬೇರೆ.

ಮತ್ತೆ ಜೋಡಿಯಾಗಿಯೇ ತಗೊಳ್ಳಿ. ಇದು ನಾನು ಅನುಭವಿಸಿ ಕಲಿತದ್ದು. ನನ್ನ ಎರಡನೇ ಗಿಟಾರಿಗೆ ಎರಡು ಪಿಕಪ್ ಬೇರೆ ಬೇರೆ ಕಡೆಯಿಂದ ತರಿಸಿದ್ದೆ. ರಾತ್ರಿ ಹನ್ನೊಂದಕ್ಕೆ ಬೆಸುಗೆ ಮುಗಿಯಿತು. ಒಂದೊಂದೇ ತೆರೆದರೆ ಎರಡೂ ಚೆನ್ನಾಗಿವೆ. ಎರಡನ್ನೂ ಒಟ್ಟಿಗೆ ತೆರೆದರೆ ಕೆಳಗಿನ ದನಿಯೆಲ್ಲ ಮಾಯ! ಡಬ್ಬಿಯೊಳಗಿಂದ ನುಡಿಸಿದ ಹಾಗೆ, ಮೇಲಿಂದ ಹಮ್ ಬೇರೆ. ಗಿಟಾರೇ ಹಾಳಾಯಿತು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಯೋಚಿಸಿದಾಗ ಹೊಳೆಯಿತು. ಒಂದರ ಅಯಸ್ಕಾಂತ ಇನ್ನೊಂದಕ್ಕೆ ಉಲ್ಟಾ ಇತ್ತು, ಸುತ್ತು ಮಾತ್ರ ಒಂದೇ ದಿಕ್ಕಿನದು. ಒಂದರ ದನಿಯನ್ನು ಇನ್ನೊಂದು ತಿಂದುಹಾಕುತ್ತಿತ್ತು. ಒಂದು ಪಿಕಪ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸೆದೆ, ಅಷ್ಟೇ. ಬೇಸ್ ದನಿ ವಾಪಸ್ ಬಂತು, ಅದರ ಜೊತೆಗೇ ಹಮ್ ಕೂಡ ಹೋಯಿತು. ನಿಮಗೂ ಹಾಗಾದರೆ ಹೆದರಬೇಡಿ, ಆ ಎರಡು ವೈರು ನೋಡಿ.

ಆ ಗದಗಿನ ಹುಡುಗ ದಸರಾ ಮುಗಿದ ಮೇಲೆ ಮತ್ತೆ ಬಂದ. ಈ ಸಲ ಬ್ರಿಜ್ ಕಡೆಯ ಪಿಕಪ್ ದನಿಯನ್ನೇ ಕೊಡುತ್ತಿರಲಿಲ್ಲ. ವೈರು ಬಿಡಿಸಿ ಮಲ್ಟಿಮೀಟರ್ ಇಟ್ಟೆವು. ಜಾಝ್ ಬೇಸ್ ಪಿಕಪ್ ಚೆನ್ನಾಗಿದ್ದರೆ 7-8 ಕಿಲೋ ಓಮ್ ಆಸುಪಾಸು ತೋರಿಸಬೇಕು. ಮೀಟರಿನ ಎಡಗಡೆ ಬರೀ 1 ಬಂದು ನಿಂತಿತು. ಒಳಗೆ ಎಲ್ಲೋ ಕಾಯಿಲ್ ಕಡಿದಿದೆ.

"ಈಗ ಬದಲಿ ಮಾಡೋಣು," ಅಂದೆ.

ಜೋಡಿ ಪಿಕಪ್ ತರಿಸಿದೆವು. ಜೊತೆಗೆ 250 ಕೆ ಪಾಟ್ (ವಾಲ್ಯೂಮ್, ಟೋನ್ ನಾಬ್ ಕೆಳಗಿನ ಭಾಗ) ಮೂರು, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಹೊಸ ಜ್ಯಾಕ್ ಒಂದು. ಹಳೆಯ ಪಾಟ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಇವಕ್ಕೆಲ್ಲ ಸೇರಿ ಖರ್ಚು ಕಡಿಮೆ, ಹೇಗೂ ಬಿಚ್ಚುತ್ತೀವಲ್ಲ, ಒಟ್ಟಿಗೇ ಮಾಡಿಬಿಡುವುದು ಒಳ್ಳೆಯದು. ವೈರು ಕತ್ತರಿಸುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡೆವು. ಪಿಕಪ್ ಕೂರುವ ಗುಳಿಗೆ ತಾಮ್ರದ ಟೇಪ್ ಅಂಟಿಸಿ, ಅದನ್ನೂ ಬ್ರಿಜ್‌ನಿಂದ ಬಂದ ವೈರನ್ನೂ ಗ್ರೌಂಡಿಗೆ ಸೇರಿಸಿದೆವು. ಒಂದು ಸ್ಕ್ರೂ ತೂತು ಸವೆದಿತ್ತು. ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿಸಿ, ಮತ್ತೆ ಸ್ಕ್ರೂ ಹಾಕಿದೆವು.

ಬೆಸುಗೆ ಅವನೇ ಹಾಕಲಿ ಅಂತ ಬಿಟ್ಟೆ. ಪಾಟಿನ ಬೆನ್ನಿಗೆ ಬೆಸುಗೆ ಹಾಕೋದು ಕಷ್ಟ. ಮೊದಲು ಸ್ವಲ್ಪ ಉಜ್ಜಿ ಒರಟು ಮಾಡಬೇಕು, ಐರನ್ ಇಟ್ಟು ಲೋಹ ಕಾಯೋ ತನಕ ತಾಳಬೇಕು, ಆಮೇಲೆ ಸೀಸ ಮುಟ್ಟಿಸಬೇಕು. ಅವಸರ ಮಾಡಿದರೆ ಸೀಸ ಮಂಕು ಗುಂಡಾಗಿ ಕೂರುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಅವನ ಮೊದಲನೆಯದು ಉದುರಿತು. ಎರಡನೆಯದು ಕನ್ನಡಿಯ ಹಾಗೆ ಹೊಳೆಯಿತು.

ಹಳೆಯ ಪಿಕಪ್, ಸ್ಕ್ರೂ ಸಮೇತ, ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟೆ. ನೆಕ್ ಕಡೆಯದು ಇನ್ನೂ ಚೆನ್ನಾಗಿದೆ, ಬೇರೆ ಯಾರಿಗಾದರೂ ಬೇಕಾಗಬಹುದು.

ತಂತಿ ಏರಿಸಿ, ಶ್ರುತಿ ಮಾಡಿ, ಸ್ಕೇಲ್ ಹಿಡಿದು ಎತ್ತರ ಅಳೆದು ಅವನ ಕೈಗೆ ಗಿಟಾರ್ ಕೊಟ್ಟಾಗ ಕತ್ತಲಾಗಿತ್ತು. ಎರಡೂ ವಾಲ್ಯೂಮ್ ಪೂರ್ತಿ ತೆರೆದ. ತಂತಿಯ ಮೇಲಿಂದ ಕೈ ತೆಗೆದು ಕಿವಿಗೊಟ್ಟ. ಆಂಪ್ ಸುಮ್ಮನಿತ್ತು. ಆಮೇಲೆ ಇ ತಂತಿಯ ಮೂರನೇ ಫ್ರೆಟ್ ಒತ್ತಿ ಜಿ ಒಂದನ್ನೇ ಬಾರಿಸಿ, ಅದು ಪೂರ್ತಿ ಇಳಿಯುವ ತನಕ ತಲೆ ಬಗ್ಗಿಸಿ ಕೂತ.