ಬಿಸಿಯಾದರೆ ಬಂದ್ ಆಗುವ ಆಕ್ಸೆಂಟ್: ಕೊನೆಗೂ ಕಳ್ಳ ಸಿಕ್ಕ

ಬಿಸಿಯಾದಾಗ ನನ್ನ ಹ್ಯುಂಡೈ ಆಕ್ಸೆಂಟ್ ಕಾರನ್ನು ನಿಲ್ಲಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದ. ಕ್ರ್ಯಾಂಕ್ ಸೆನ್ಸರ್. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಿದೆ ಅಂತ ಸಿಗ್ನಲ್ ಕೊಡೋ ಭಾಗ ಅದು. ನಿಜ ಹೇಳಬೇಕೆಂದರೆ ಸೆನ್ಸರ್ ಕೂಡ ಅಲ್ಲ, ಅದರಿಂದ ಹೊರಗೆ ಬರುವ ವೈರು.

ಗಾಡಿ 2004ರ ಪೆಟ್ರೋಲ್ ಆಕ್ಸೆಂಟ್, 1.5. ಪ್ಲಗ್, ಪ್ಲಗ್ ವೈರ್, ಥ್ರಾಟಲ್ ಬಾಡಿ ಎಲ್ಲ ಮೊದಲೇ ನೋಡಿ ಆಗಿತ್ತು. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಭರಮಸಾಗರದ ಆಸುಪಾಸಿನಲ್ಲಿ ಎಂಜಿನ್ ಬಂದ್. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ, ಚೆಕ್ ಎಂಜಿನ್ ಲೈಟೂ ಇಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಸಿಲಲ್ಲಿ ನಿಂತರೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಬಂದ್ ಆಗೋದೇ ಇಲ್ಲ, ಅಷ್ಟು ಮರ್ಯಾದಸ್ಥ.

ಒಮ್ಮೆ ಗ್ಯಾರೇಜಿನ ಮುಂದೆಯೇ ನಿಂತಿತು. ಸ್ಪಾರ್ಕ್ ಇಲ್ಲ, ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪಿನ ಸದ್ದೂ ಇಲ್ಲ. "ಸಾರ್, ಪಂಪ್ ಹೋಗೇತಿ, ಹೊಸದು ಹಾಕಿಸ್ರಿ" ಅಂದರು. ಪಂಪ್ ಹೋದರೆ ಸ್ಪಾರ್ಕ್ ಯಾಕೆ ಹೋಗುತ್ತೆ ಅಂತ ಕೇಳಿದೆ. "ಹಂಗಾದ್ರೆ ಕಾಯಿಲ್ಲೂ ಹೋಗೇತಿ." (ಕಾಯಿಲ್ ಅಂದರೆ ಪ್ಲಗ್ಗಿಗೆ ಸ್ಪಾರ್ಕ್ ಕೊಡೋದು.) ಎರಡೂ ಒಂದೇ ನಿಮಿಷಕ್ಕೆ ಸತ್ತು, ಅರ್ಧ ಗಂಟೆ ಆದ ಮೇಲೆ ಎರಡೂ ಒಟ್ಟಿಗೆ ಎದ್ದು ಕೂರುತ್ತವಂತೆ!

ಸ್ಪಾರ್ಕೂ ಪೆಟ್ರೋಲೂ ಒಟ್ಟಿಗೆ ಹೋದರೆ ಎರಡಕ್ಕೂ ಅಪ್ಪಣೆ ಕೊಡುವ ಜಾಗ ನೋಡಬೇಕು. ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ಕರೆಂಟ್ ಕೊಡುವ ಮೇನ್ ರಿಲೇ ಮೇಲೆ ಮೊದಲು ಅನುಮಾನ ಬಂತು, ಆದರೆ ಗಾಡಿ ಸತ್ತಾಗಲೂ ಅದಕ್ಕೆ 12 ವೋಲ್ಟ್ ಸರಿಯಾಗೇ ಬರುತ್ತಿತ್ತು. ಉಳಿದಿದ್ದು ಕ್ರ್ಯಾಂಕ್ ಸೆನ್ಸರ್. ಕೀ ಆನ್ ಮಾಡಿದಾಗ ಇಸಿಯು ಪಂಪನ್ನು ಒಂದೆರಡು ಸೆಕೆಂಡ್ ಓಡಿಸಿ ನಿಲ್ಲಿಸುತ್ತೆ. ಆಮೇಲೆ ಕ್ರ್ಯಾಂಕ್ ತಿರುಗುತ್ತಿದೆ ಅಂತ ಸಿಗ್ನಲ್ ಬಂದರೆ ಮಾತ್ರ ಪಂಪ್, ಇಂಜೆಕ್ಟರ್, ಕಾಯಿಲ್ ಮೂರೂ ಕೆಲಸ ಮಾಡೋದು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿದೆ. ತಣ್ಣಗಿದ್ದಾಗ ಸ್ವಲ್ಪ ಏಳುತ್ತಿತ್ತು, ಸತ್ತಾಗ ಸೊನ್ನೆ ಬಿಟ್ಟು ಅಲುಗಾಡಲಿಲ್ಲ. ಸ್ಕ್ಯಾನರ್ ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ. ನಮ್ಮಲ್ಲಿ ಒಬಿಡಿ (ಗಾಡಿ ತನ್ನ ತೊಂದರೆಯನ್ನ ತಾನೇ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2010ರಲ್ಲಿ. ನನ್ನ ಅಗ್ಗದ ಬ್ಲೂಟೂತ್ ಡಬ್ಬಿಗೂ ಈ ಗಾಡಿಗೂ ಮಾತುಕತೆ ಇಲ್ಲ.

ಸೆನ್ಸರ್ ಬಿಚ್ಚಿ ರೆಸಿಸ್ಟೆನ್ಸ್ ನೋಡೋಕೆ ಮೀಟರ್ ಹಿಡಿದೆ. 540 ಓಮ್. ಸೆನ್ಸರ್ ಚೆನ್ನಾಗಿದೆ! ಇಲ್ಲೇ ತಲೆ ಕೆಟ್ಟಿದ್ದು. ಆದರೆ ಅದು ಕೈಯಲ್ಲಿ ತಣ್ಣಗೆ ಕೂತಿರುವಾಗಿನ ಲೆಕ್ಕ, ಅಲ್ವಾ? ಪ್ಲಾಸ್ಟಿಕ್ ಕವರ್ ಸುತ್ತಿ, ಬಾಯಿ ಕಟ್ಟಿ, ಕುದಿಯೋ ನೀರಿಗೆ ಇಳಿಬಿಟ್ಟೆ. ("ರೀ, ಹಾಲಿನ ಪಾತ್ರೆ ಬಿಟ್ಟು ಬೇರೆ ಯಾವುದಾದ್ರೂ ತಗೊಳ್ರಿ" ಅಂತ ಒಳಗಿಂದ ಆದೇಶ ಬಂತು, ಪಾತ್ರೆ ಬದಲಾಯಿತು.) ಓಮ್ ನಿಧಾನಕ್ಕೆ ಏರುತ್ತಾ 680 ದಾಟಿತು. ಇದಕ್ಕೆ ಹೆದರಬೇಕಿಲ್ಲ. ಒಳಗಿರೋದು ತಾಮ್ರದ ಸುತ್ತು, ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರೇ ಏರುತ್ತೆ. ಹಾಗೇ ಇಕ್ಕಳದಲ್ಲಿ ವೈರು ಹಿಡಿದು ಸ್ವಲ್ಪ ಬಗ್ಗಿಸಿದೆ. ಮೀಟರ್ ಸೀದಾ ಓಪನ್, ಅಂದರೆ ಕನೆಕ್ಷನ್ನೇ ಕಟ್! ಬಿಟ್ಟರೆ 690. ಬಗ್ಗಿಸಿದರೆ ಓಪನ್. ತಣ್ಣಗಾದ ಮೇಲೆ ಹೇಗೆ ಬಗ್ಗಿಸಿದರೂ ಏನೂ ಆಗಲಿಲ್ಲ.

ವೈರು ಸೆನ್ಸರ್ ಒಳಗೆ ಹೋಗುವ ಕಡೆ ರಬ್ಬರ್ ಹಪ್ಪಳದ ಹಾಗೆ ಒಣಗಿತ್ತು. ಬ್ಲೇಡಲ್ಲಿ ಕೆರೆದರೆ ಒಳಗೆ ತಾಮ್ರದ ಎಳೆಗಳು ಹಸಿರು ಬಣ್ಣಕ್ಕೆ ತಿರುಗಿವೆ. ಒಂದೆರಡು ಎಳೆ ಬಿಟ್ಟು ಮಿಕ್ಕಿದ್ದೆಲ್ಲ ತುಂಡು. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಆ ಎಳೆಗಳೂ ಬೇರೆಯಾಗುತ್ತಿದ್ದವು, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಇಪ್ಪತ್ತು ವರ್ಷ ಎಂಜಿನ್ ಪಕ್ಕ ಬೆಂದ ವೈರು, ಅದನ್ನ ಬೈದು ಪ್ರಯೋಜನ ಇಲ್ಲ.

ಬೈಯಬೇಕಾದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯವರನ್ನ. ಪಿ.ಬಿ. ರೋಡಿನ ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಅಣ್ಣಾ, ಹಾಕ್ರಿ, ಕೂರ್ತದೆ" ಅಂತ ಡೂಪ್ಲಿಕೇಟ್ ಕೊಟ್ಟರು. ಕೂತಿದ್ದೇನೋ ನಿಜ. ವೈರು ಗಿಡ್ಡ, ಸೆನ್ಸರಿನ ತುದಿ, ಅಂದರೆ ಮೂತಿಯೂ ಗಿಡ್ಡ. ಮೂತಿ ಗಿಡ್ಡ ಆದರೆ ಕ್ರ್ಯಾಂಕ್ ಜೊತೆ ತಿರುಗುವ ಹಲ್ಲಿನ ಚಕ್ರಕ್ಕೂ ಅದಕ್ಕೂ ಗ್ಯಾಪ್ ಜಾಸ್ತಿ ಆಗುತ್ತೆ. ಇದು ತಾನಾಗೇ ವೋಲ್ಟೇಜ್ ಹುಟ್ಟಿಸುವ ಸೆನ್ಸರ್, ಹಲ್ಲು ಎಷ್ಟು ಹತ್ತಿರದಲ್ಲಿ, ಎಷ್ಟು ಜೋರಾಗಿ ಹಾದು ಹೋಗುತ್ತೆ ಅನ್ನೋದರ ಮೇಲೆ ಅದರ ಸಿಗ್ನಲ್. ಸೆಲ್ಫ್ ಹೊಡೆಯುವಾಗ ಕ್ರ್ಯಾಂಕ್ ತಿರುಗೋದೇ ಮೆಲ್ಲಗೆ. ಅದರಲ್ಲಿ ಗ್ಯಾಪೂ ಜಾಸ್ತಿ ಅಂದರೆ ಇಸಿಯುಗೆ ಏನೂ ಕೇಳಿಸಲ್ಲ. ವಾಪಸ್ ಕೊಡೋಕೆ ಹೋದರೆ "ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ" ಅನ್ನೋ ಬೋರ್ಡ್ ತೋರಿಸಿದರು.

ಕೊನೆಗೆ ಬೆಂಗಳೂರಿನ ಜೆ.ಸಿ. ರೋಡಿಂದ ಒರಿಜಿನಲ್ ತರಿಸಿದೆ. ಅದು ಬರೋವರೆಗೆ ಕೈ ಕಟ್ಟಿ ಕೂರೋಕಾಗುತ್ತಾ? ಶೆಡ್ಡಿನ ಮೂಲೆಯಲ್ಲಿರೋ ಮಾವನ ಯೆಜ್ಡಿ ರೋಡ್‌ಕಿಂಗ್ ಬೈಕ್ ಹೊರಗೆಳೆದೆ. ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಈ ಗಾಡಿ ಅದಕ್ಕಿಂತ ಹಳೇದು. ಸ್ಪಾರ್ಕಿಗೆ ಪಾಯಿಂಟ್ (ಕರೆಂಟ್ ಕಡಿದು ಕೂಡಿಸೋ ಸ್ವಿಚ್ಚು), ಕಂಡೆನ್ಸರ್, ಅಷ್ಟೇ. ಇಸಿಯು ಇಲ್ಲ, ಸೆನ್ಸರ್ ಇಲ್ಲ, ಸ್ವರ್ಗ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಬೇಕಾ, ಹಾಗೇ ಬಿಡಬೇಕಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಮಾವನಿಗೆ ಇನ್ನೂ ಹೇಳಿಲ್ಲ ಕೂಡ.

ಪಾರ್ಸೆಲ್ ಬಂತು, ಹಾಕಿದೆ. ವೈರಿಗೆ ಹೀಟ್ ಸ್ಲೀವ್ ತೊಡಿಸಿ ಬಿಸಿ ಇರೋ ಕಡೆಯಿಂದ ದೂರ ಕಟ್ಟಿದೆ. ಮಧ್ಯಾಹ್ನದ ಬಿಸಿಲಲ್ಲೇ ಎಸಿ ಹಾಕಿಕೊಂಡು ಚಿತ್ರದುರ್ಗದ ಕೋಟೆವರೆಗೆ ಹೋಗಿ, ಆಫ್ ಮಾಡದೆ ಸ್ವಲ್ಪ ಹೊತ್ತು ನಿಲ್ಲಿಸಿ, ವಾಪಸ್ ಬಂದೆ. ಭರಮಸಾಗರದಲ್ಲಿ ಬೇಕಂತಲೇ ನಿಲ್ಲಿಸಿ ಬಿಸಿಯಲ್ಲೇ ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಸ್ಟಾರ್ಟ್.

ಈಗ ಉಳಿದಿರೋದು ಎಸಿ ಹಾಕಿದಾಗ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ವೇಗ, ಕುಸಿಯೋದು. ಆ ವೇಗ ಕಾಯೋ ಐಡಲ್ ವಾಲ್ವ್ ಮೇಲೆ ಅನುಮಾನ ಇದೆ. ಇದನ್ನ ಬಿಚ್ಚಿ ಕ್ಲೀನ್ ಮಾಡಿದವರು ಹಳೇ ಗ್ಯಾಸ್ಕೆಟ್ಟೇ ಮತ್ತೆ ಹಾಕಿದ್ರಾ, ಹೊಸದು ಬೇಕೇ ಬೇಕಾ? ಹೊಸದು ಅಂದರೆ ಮತ್ತೆ ಅದೇ ಅಂಗಡಿಗೆ ಹೋಗಬೇಕು, ಅದಕ್ಕೇ ಕೇಳ್ತಿದ್ದೀನಿ.