ಸಬ್ಬಸಿಗೆ ಸೊಪ್ಪು, ಒಂದು ಪಲ್ತಿನ್ನಿಕ್

ಮೆಡಿಕಲ್ ಓದಲು ರಷ್ಯಾದ ಕಜಾನ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ದಿನ ಮಾರ್ಕೆಟ್‌ನಲ್ಲಿ ಸಬ್ಬಸಿಗೆ ಸೊಪ್ಪು ಕಂಡಿತು. ಅಲ್ಲಿ ಅದಕ್ಕೆ ಉಕ್ರೋಪ್ ಅನ್ನುತ್ತಾರೆ. ನನಗೆ ಅಮ್ಮ ಮಾಡುವ ಅಕ್ಕಿ ರೊಟ್ಟಿ ನೆನಪಾಗಿ ಬಾಯಲ್ಲಿ ನೀರೂರಿತು.

"ಸ್ಕೋಲ್ಕ?" ಎಂದೆ. ಎಷ್ಟು ಅಂತ.

"ಪಲ್ತಿನ್ನಿಕ್" ಅಂದರು ಸೊಪ್ಪಿನ ಅಜ್ಜಿ.

ನಾನು ತಬ್ಬಿಬ್ಬಾದೆ. ತರಗತಿಯಲ್ಲಿ ಅಲ್ಲಿನ ಹಣವಾದ ರೂಬಲ್‌ನ ಲೆಕ್ಕ ಚೆನ್ನಾಗಿಯೇ ಕಲಿತಿದ್ದೆ. ಒಂದಾದರೆ ರೂಬ್ಲ್, ಎರಡರಿಂದ ನಾಲ್ಕಕ್ಕೆ ರುಬ್ಲ್ಯಾ, ಐದರಿಂದ ರುಬ್ಲೇಯ್. ಇಪ್ಪತ್ತೊಂದಕ್ಕೆ ಮತ್ತೆ ರೂಬ್ಲ್! ಇಷ್ಟೆಲ್ಲ ಬಾಯಿಪಾಠ ಮಾಡಿದ್ದರೂ ಈ ಪದ ಎಲ್ಲೂ ಬಂದಿರಲಿಲ್ಲ. ಕೈಯಲ್ಲಿದ್ದ ನೋಟುಗಳನ್ನು ಹಾಗೇ ಚಾಚಿದೆ. ಅಜ್ಜಿ ಐವತ್ತರದ್ದೊಂದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನನ್ನ ಮುಷ್ಟಿಯಲ್ಲೇ ಮಡಚಿಟ್ಟರು.

ರಾತ್ರಿ ರೂಮ್‌ಮೇಟ್ ಬಿಡಿಸಿ ಹೇಳಿದ. 'ಪೊಲ್' ಅಂದರೆ ಅರ್ಧ. ಒಂದು ರೂಬಲ್‌ಗೆ ನೂರು ಕಪೇಯ್ಕ. ಐವತ್ತು ಕಪೇಯ್ಕದ ನಾಣ್ಯ, ಅಂದರೆ ಅರ್ಧ ರೂಬಲ್, ಪಲ್ತಿನ್ನಿಕ್. ಬೆಲೆ ಏರುತ್ತಾ ಹೋದ ಹಾಗೆ ಪದವೂ ಮೇಲೇರಿ ಐವತ್ತು ರೂಬಲ್‌ಗೆ ಅಂಟಿಕೊಂಡಿದೆ. ನಮ್ಮ ಎಂಟಾಣೆಯೇ ಅಲ್ವಾ ಇದು! 1957ರಲ್ಲಿ ನಯಾಪೈಸೆ ಬಂದ ಮೇಲೂ ಐವತ್ತು ಪೈಸೆಗೆ ನಮ್ಮಜ್ಜಿ ಎಂಟಾಣೆ ಅಂತಲೇ ಅನ್ನುತ್ತಿದ್ದರು. ಆದರೆ ನಮ್ಮ ಎಂಟಾಣೆ ಪೈಸೆಯ ಜೊತೆಗೇ ಮರೆಯಾಗುತ್ತಿದೆ. ಅವರದ್ದು ಸಂತೆಯಲ್ಲಿ ಇನ್ನೂ ಓಡಾಡುತ್ತಿದೆ. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಬಂತು.

ರೂಪಾಯಿ, ರೂಬಲ್ ಅಕ್ಕತಂಗಿಯರು ಅಂದುಕೊಂಡಿದ್ದೆ. ಅದೂ ತಪ್ಪು. ನಮ್ಮದು ಬೆಳ್ಳಿ ಅನ್ನುವ ಅರ್ಥದ 'ರೂಪ್ಯ'ದಿಂದ ಬಂದದ್ದು. ಅವರದ್ದು 'ರುಬೀತ್', ಅಂದರೆ ಕಡಿಯುವುದು, ಅದರಿಂದ. ಹಿಂದೆ ನೊವ್ಗೊರೊದ್ ಪಟ್ಟಣದಲ್ಲಿ ಬೆಳ್ಳಿ ಗಟ್ಟಿಯನ್ನೇ ಕಡಿದು ಹಣವಾಗಿ ಬಳಸುತ್ತಿದ್ದರಂತೆ. ಕಪೇಯ್ಕಕ್ಕೆ ಹೆಸರು ಬಂದದ್ದು ಈಟಿಯಿಂದ. ನಾಣ್ಯದ ಮೇಲೆ ಈಟಿ ಹಿಡಿದ ಕುದುರೆ ಸವಾರ ಇದ್ದನಂತೆ.

ಮುಂದಿನ ವಾರ ನಾನೇ ಮೊದಲು "ಪಲ್ತಿನ್ನಿಕ್?" ಎಂದು ಕೇಳಿದೆ. ಅಜ್ಜಿಯ ಮುಖ ಅರಳಿತು. ಪರ್ಸಿನ ಮೂಲೆಯಿಂದ ಸೋವಿಯತ್ ಕಾಲದ ಐವತ್ತು ಕಪೇಯ್ಕದ ನಾಣ್ಯ ತೆಗೆದು ತೋರಿಸಿ, ಇದೂ ಪಲ್ತಿನ್ನಿಕ್ಕೇ ಅಂದರು. ನನ್ನ ಹರಕು ಮುರುಕು ರಷ್ಯನ್‌ನಲ್ಲಿ ಎಂಟಾಣೆಯ ಕಥೆ ಹೇಳಿದೆ.

"ಎಂತಾನೆ" ಅಂದರು. ಟ, ಣ ಎರಡೂ ಅವರ ನಾಲಿಗೆಗೆ ಹತ್ತಲಿಲ್ಲ. ಆದರೂ ಸೊಪ್ಪು ಕಟ್ಟುತ್ತಾ ಇನ್ನೆರಡು ಸಲ ಹೇಳಿ ನೋಡಿದರು.