ಬೆಂಚಿನಲ್ಲಿ ಕೂತವರು

ನಿನ್ನೆ ಸಂಜೆ ಬದಿಯಡ್ಕದ ಮೈದಾನದಲ್ಲಿ, ಮೊಣಕಾಲು ನೋಯುತ್ತಿದ್ದರೂ ಆಟ ಬಿಡಲೊಪ್ಪದ ಅಣ್ಣನ ಮಗಳನ್ನು ತರಬೇತುದಾರರು ಬೆಂಚಿನಲ್ಲಿ ಕೂರಿಸಿದಾಗ, ಅವಳ ಕಣ್ಣೀರು ಕಂಡು ನನಗೂ ಸಂಕಟವಾಯಿತು. ಆಗ ನೆನಪಾದವರು ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ತರಬೇತುದಾರರಾಗಿದ್ದ ಗ್ರೆಗ್ ಪೊಪೊವಿಚ್. 2012ರ ನವೆಂಬರಿನಲ್ಲಿ, ದೀರ್ಘ ಪ್ರವಾಸದ ಕೊನೆಗೆ ಮಯಾಮಿ ತಂಡದ ವಿರುದ್ಧ ಆಡಬೇಕಿದ್ದ ತಾರಾ ಆಟಗಾರರಾದ ಡಂಕನ್, ಪಾರ್ಕರ್, ಜಿನೋಬಿಲಿ ಸೇರಿ ನಾಲ್ವರನ್ನು ಅವರು ವಿಶ್ರಾಂತಿಗೆಂದು ಪಂದ್ಯಕ್ಕೆ ಮೊದಲೇ ಮನೆಗೆ ಕಳುಹಿಸಿದ್ದರಿಂದ, ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಆ ತಂಡಕ್ಕೆ 2,50,000 ಡಾಲರ್ ದಂಡ ವಿಧಿಸಿತು. ಹಣ ಕೊಟ್ಟು ಬಂದ ಪ್ರೇಕ್ಷಕರ ಬೇಸರವೂ ನ್ಯಾಯವಾದದ್ದೇ. ಆದರೆ 2013-14ರ ಲೀಗ್ ಹಂತದಲ್ಲಿ ಆ ತಂಡದ ಯಾರೊಬ್ಬರೂ ಪಂದ್ಯಕ್ಕೆ ಸರಾಸರಿ 30 ನಿಮಿಷವೂ ಆಡಲಿಲ್ಲ. ಫೈನಲ್ ಸರಣಿಯಲ್ಲಿ ಅದೇ ಮಯಾಮಿಯನ್ನು 4-1 ಪಂದ್ಯಗಳಿಂದ ಸೋಲಿಸಿದಾಗ ಡಂಕನ್‌ಗೆ 38 ವರ್ಷ. ಮಗುವಿಗೆ ಇದನ್ನು ಇವತ್ತು ರಾತ್ರಿ ಊಟದ ಹೊತ್ತಿಗೆ ಹೇಳಬೇಕೆಂದುಕೊಂಡಿದ್ದೇನೆ.